ಡ್ರೋನ್ ರಿಮೋಟಿನ ಚಾರ್ಜಿಂಗ್ ಪೋರ್ಟ್ ಸಡಿಲ: ಮನೆಯಲ್ಲೇ ಕೈಹಾಕಬಹುದಾ?

ಕಾಂದಿವಲಿ (ಕೇಳಿದವರು):
ಮಗ ಮೊದಲ ಸಂಬಳದಲ್ಲಿ ತಗೊಂಡ ಪುಟ್ಟ ಡ್ರೋನ್, 250 ಗ್ರಾಮಿನ ಒಳಗಿನದು. ಡ್ರೋನ್ ಸರಿಯಾಗೇ ಇದೆ, ರಿಮೋಟ್ ಮಾತ್ರ ಚಾರ್ಜ್ ಹಿಡೀತಿಲ್ಲ. ಕೇಬಲನ್ನು ಬೆರಳಿಂದ ಮೇಲಕ್ಕೆ ಒತ್ತಿ ಹಿಡಿದರೆ ದೀಪ ಹತ್ತುತ್ತೆ, ಬಿಟ್ಟರೆ ಆರುತ್ತೆ. ಟೈಪ್-ಸಿ ಪೋರ್ಟು. ವಾರಂಟಿ ಮುಗಿದಿದೆ. ತೋರಿಸಿದ ಕಡೆ, ‘ಪೋರ್ಟ್ ಒಂದನ್ನೇ ಬದಲಿಸೋದಿಲ್ಲ, ಬೋರ್ಡೇ ಹಾಕಬೇಕು’ ಅಂದರು. ಅವರು ಹೇಳಿದ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ರಿಮೋಟೇ ಬರುತ್ತೆ. ಕಾಲೇಜಿನಲ್ಲಿದ್ದಾಗ ಒಂದು ರೇಡಿಯೊ ಕಿಟ್ ಜೋಡಿಸಿದ್ದೆ, ನನ್ನ ಸೋಲ್ಡರಿಂಗ್ ವಿದ್ಯೆ ಅಷ್ಟೇ. ಮನೇಲಿ 25 ವ್ಯಾಟಿನ ಐರನ್, ಒಂದು ಮಲ್ಟಿಮೀಟರ್ ಇದೆ. ಮಾಡಿ ನೋಡಿದವರು ಹೇಳಿ, ಕೈಹಾಕಲಾ, ಬೇಡವಾ?

ಮಾಟುಂಗ:
ಬಿಚ್ಚೋ ಮುಂಚೆ ಟಾರ್ಚ್ ಹಾಕಿ ಪೋರ್ಟಿನೊಳಗೆ ನೋಡಿ. ನಮ್ಮದೂ ಹೀಗೇ ಆಡ್ತಿತ್ತು. ಟೂತ್‌ಪಿಕ್ಕಿನ ತುದಿ ಚಪ್ಪಟೆ ಮಾಡಿ ಮೆಲ್ಲಗೆ ಕೆರೆದೆ, ಬ್ಯಾಗಿನ ಬಟ್ಟೆಯ ಜುಂಗು ಒತ್ತಿ ಒತ್ತಿ ಗಟ್ಟಿಯಾಗಿ ಮೆಣಸಿನಕಾಳಿನಷ್ಟು ಉಂಡೆ ಹೊರಗೆ ಬಂತು. ಪ್ಲಗ್ ಪೂರ್ತಿ ಒಳಗೆ ಹೋಗದಂತೆ ತಡೆದಿದ್ದೇ ಅದು. ಸೇಫ್ಟಿ ಪಿನ್ ಮಾತ್ರ ಹಾಕಬೇಡಿ, ನಡುವಿನ ನಾಲಗೆ ಹಾಳಾಗುತ್ತೆ.

ವಾಸ್ಕೊ, ಗೋವಾ:
ನಮ್ಮಲ್ಲಿ ಜುಂಗಿಗಿಂತ ಉಪ್ಪಿನ ಕಾಟ ಜಾಸ್ತಿ ನೋಡ್ರಿ. ಇಲ್ಲೆ ದಾಬೋಳಿ ಏರ್‌ಪೋರ್ಟು, ನೌಕಾಪಡೆ ಅಂತ ಸುತ್ತಮುತ್ತ ಡ್ರೋನ್ ಎತ್ತಂಗಿಲ್ಲ, ಅದಕ್ಕ ನಾ ದೂರ ದಕ್ಷಿಣದ ಬೀಚಿಗೆ ಹೋಗಿ ಹಾರಸ್ತಿದ್ದೆ. ಮಳಿಗಾಲ ಮುಗದ ಮ್ಯಾಲೆ ರಿಮೋಟ್ ತಗದು ನೋಡಿದ್ರ ಪೋರ್ಟಿನೊಳಗ ಹಸರ ಪಾಚಿ ಹಿಡದಂಗ ಆಗಿತ್ತು. ಎಲ್ಲಾರೂ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಚ್ಚು ಅಂತಾರ. ಆದ್ರ ಉಪ್ಪು ಅದರಾಗ ಕರಗಂಗಿಲ್ಲ, ನೀರಿನ್ಯಾಗ ಕರಗತೈತಿ. ರಿಮೋಟ್ ಬಿಚ್ಚಿ, ಬ್ಯಾಟರಿ ಬಿಡಿಸಿಟ್ಟು, ಇನ್ವರ್ಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್‌ನ್ಯಾಗ ಹಳೆ ಬ್ರಶ್ ಅದ್ದಿ ತಿಕ್ಕಿದೆ. ಆಮ್ಯಾಲೆ ಐಪಿಎ ಹಚ್ಚಿ ಆ ನೀರು ಹೊರಗ ಹಾಕಿದೆ. ಒಂದಿನ ಪೂರ್ತಿ ಫ್ಯಾನಿನ ಕೆಳಗ ಇಟ್ಟೆ. ಎರಡು ವರ್ಷ ಆತು, ನಡದೈತಿ. ಆದ್ರ ನಿಮ್ಮದು ಅಲುಗಾಡೋ ಪೋರ್ಟು, ಅದಕ್ಕ ಇದು ಮದ್ದಲ್ಲ.

ಡೊಂಬಿವಲಿ:
ರಿಪೇರಿ ನನ್ನ ಹೊಟ್ಟೆಪಾಡಲ್ಲ, ಆದರೆ ಕುಂದಾಪುರದಲ್ಲಿ ಅಣ್ಣನ ಮೊಬೈಲ್ ಅಂಗಡಿಯಲ್ಲಿ ಎರಡು ವರ್ಷ ಕೂತವ ನಾನು. ಈವರೆಗೆ ನಾಲ್ಕು ರಿಮೋಟ್ ಬಿಚ್ಚಿದ್ದೇನೆ, ಒಂದನ್ನು ಕೊಂದಿದ್ದೇನೆ.

ಒತ್ತಿ ಹಿಡಿದರೆ ದೀಪ ಹತ್ತುತ್ತದೆ ಅಂದಿರಲ್ಲ, ಅದು ಒಳ್ಳೆಯ ಲಕ್ಷಣ. ಚಾರ್ಜಿಂಗ್ ಐಸಿ (ಚಾರ್ಜ್ ನೋಡಿಕೊಳ್ಳುವ ಚಿಪ್), ಬ್ಯಾಟರಿ ಎರಡೂ ಬದುಕಿರುವ ಹಾಗಿದೆ. ಇನ್ನೊಂದು ಪರೀಕ್ಷೆ ಮಾಡಿ. ಹಳೇ ನಮೂನೆಯ ಅಗಲ ಬಾಯಿಯ ಯುಎಸ್‌ಬಿ ಚಾರ್ಜರಿಗೆ ಹಾಕಿ ನೋಡಿ, ಆಮೇಲೆ ಎರಡೂ ತುದಿ ಟೈಪ್-ಸಿ ಇರುವ ಕೇಬಲಿನಲ್ಲಿ. ಮೊದಲನೆಯದರಲ್ಲಿ ಚಾರ್ಜ್ ಆಗಿ ಎರಡನೆಯದರಲ್ಲಿ ಆಗದಿದ್ದರೆ ಕರೆಂಟಿನ ಪಿನ್ನಿಗೆ ಏನೂ ಆಗಿಲ್ಲ, ಸಿಸಿ ಪಿನ್ನಿನ (ಸಾಮಾನು ಜೋಡಿಸಿದ್ದನ್ನು ಚಾರ್ಜರಿಗೆ ತಿಳಿಸುವ ಪಿನ್, ಪೋರ್ಟಿನಲ್ಲಿ ಇಂಥವು ಎರಡು) ತೊಂದರೆ. ಟೈಪ್-ಸಿ ಚಾರ್ಜರ್ ಸುಮ್ಮನೆ 5 ವೋಲ್ಟ್ ಬಿಡುವುದಿಲ್ಲ. ಆಚೆ ಕಡೆ ಸಿಸಿ ಪಿನ್ನಿಗೂ ಗ್ರೌಂಡಿಗೂ ನಡುವೆ 5.1 ಕಿಲೋ ಓಮ್ ರೆಸಿಸ್ಟರ್ ಕಂಡರೆ ಮಾತ್ರ ‘ಮನೆಯಲ್ಲಿ ಜನ ಇದ್ದಾರೆ’ ಅಂತ ಅದಕ್ಕೆ ಗೊತ್ತಾಗುವುದು. (ಹೊಸದರಲ್ಲೇ ಸಿ-ಟು-ಸಿ ಕೇಬಲಿನಲ್ಲಿ ಚಾರ್ಜ್ ಆಗದ ಅಗ್ಗದ ಸಾಮಾನುಗಳಿವೆಯಲ್ಲ, ಮಾಡಿದವ ಆ ಎರಡು ರೆಸಿಸ್ಟರಿನಲ್ಲೇ ಕಾಸು ಉಳಿಸಿರುತ್ತಾನೆ!) ಪ್ಲಗ್ಗನ್ನು ಮಗುಚಿಯೂ ಹಾಕಿ. ಒಂದು ಮಗ್ಗುಲಲ್ಲಿ ಮಾತ್ರ ಚಾರ್ಜ್ ಆದರೆ ಎರಡು ಸಿಸಿ ಪಿನ್ನುಗಳಲ್ಲಿ ಒಂದರದ್ದು ಬಿಟ್ಟಿರಬೇಕು.

ಬಿಚ್ಚುವಾಗ ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಉದ್ದದ್ದನ್ನು ಗಿಡ್ಡದರ ತೂತಿಗೆ ತಿರುಗಿಸಿದರೆ ಬೋರ್ಡಿಗೇ ಚುಚ್ಚುತ್ತದೆ. ಕಾಗದದ ಮೇಲೆ ರಿಮೋಟಿನ ಚಿತ್ರ ಗೀಚಿ, ಆಯಾ ಜಾಗದಲ್ಲೇ ಸ್ಕ್ರೂ ಅಂಟಿಸಿಡಿ. ಕೆಲವು ಸ್ಕ್ರೂ ಹಿಡಿಕೆಯ ರಬ್ಬರಿನ ಅಡಿಯಲ್ಲಿ ಅಡಗಿರುತ್ತವೆ. ಆಂಟೆನಾ ತಂತಿಗಳು ಪ್ರೆಸ್ ಬಟನ್ನಿನ ಹಾಗೆ ಒತ್ತಿ ಕೂರಿಸಿದ್ದು, ಅಡ್ಡ ಎಳೆಯಬೇಡಿ, ನೇರ ಮೇಲಕ್ಕೆ ಎಬ್ಬಿಸಿ. ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ನಾನು ಕೊಂದ ರಿಮೋಟಿನಲ್ಲಿ ಮರೆತದ್ದು ಅದನ್ನೇ. ಐರನ್ನಿನ ತುದಿ ಒಂದು ಕ್ಷಣ ಎರಡು ಪ್ಯಾಡಿಗೆ (ಬೋರ್ಡಿನಲ್ಲಿ ಬೆಸುಗೆ ಹಾಕುವ ತಾಮ್ರದ ಚುಕ್ಕೆ) ಒಟ್ಟಿಗೆ ತಾಗಿತು, ಚಟ್ ಅಂತ ಶಬ್ದ, ಸಾಸಿವೆಯಷ್ಟು ಹೊಗೆ. ಅಷ್ಟೇ. ಗೆಳೆಯನ ರಿಮೋಟ್ ಅದು, ಅವನ ಮನೆಗೆ ಈಗಲೂ ನಾನು ಕೈಬೀಸಿಕೊಂಡು ಹೋಗುವುದಿಲ್ಲ.

ಭೂತಗನ್ನಡಿ ಹಿಡಿದು ಪೋರ್ಟಿನ ಕವಚದ ನಾಲ್ಕು ಕಾಲು ನೋಡಿ. ಕಾಲಿನ ಸುತ್ತ ಕೂದಲೆಳೆಯಂಥ ಬಿರುಕಿನ ಉಂಗುರ ಕಂಡರೆ ನೀವು ಪುಣ್ಯವಂತರು. ಪೋರ್ಟ್ ಚೆನ್ನಾಗಿದೆ, ಬೆಸುಗೆ ಮಾತ್ರ ಬಿಟ್ಟಿದೆ. ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪೇಸ್ಟ್) ಹಚ್ಚಿ, ಚೂರು ಹೊಸ ಸೋಲ್ಡರ್ ಕೊಟ್ಟು ಮತ್ತೆ ಕರಗಿಸಿದರೆ ಸಾಕು. ನನ್ನ ನಾಲ್ಕರಲ್ಲಿ ಎರಡು ಹಾಗೇ ಸರಿಯಾದದ್ದು.

ನಾಲಗೆಯೇ ಮುರಿದಿದ್ದರೆ ಮಾತ್ರ ಪೋರ್ಟ್ ಬದಲಿಸಬೇಕು. ಪುಟ್ಟ ಪಿನ್ನುಗಳಿಗೆ ಎಲ್ಲರೂ ಹೆದರುತ್ತಾರೆ, ನಿಜಕ್ಕೂ ಸತಾಯಿಸುವುದು ಆ ನಾಲ್ಕು ಕಾಲು. ಅವು ಬೋರ್ಡಿನ ಗ್ರೌಂಡ್ ತಾಮ್ರಕ್ಕೆ ಸೇರಿರುತ್ತವೆ, ಕೊಟ್ಟ ಬಿಸಿಯನ್ನೆಲ್ಲ ಆ ತಾಮ್ರ ಕುಡಿಯುತ್ತದೆ. ಕಾರ್ಖಾನೆಯಲ್ಲಿ ಹಾಕುವ ಸೀಸವಿಲ್ಲದ ಸೋಲ್ಡರ್ ಕರಗಲು ಸುಮಾರು 217 ಡಿಗ್ರಿ ಬೇಕು, 63/37ರ ತವರ-ಸೀಸದ್ದು 183ಕ್ಕೇ ಕರಗುತ್ತದೆ. ಅದಕ್ಕೇ ಮೊದಲು ನಾಲ್ಕೂ ಕಾಲಿಗೆ ಸೀಸದ ಸೋಲ್ಡರ್ ಸೇರಿಸಿ ಬೆರೆಸುವುದು. ತೆಗೆಯಲಿಕ್ಕೆ ಹೊರಟು ಹೊಸದು ಹಾಕುವುದಾ ಅಂತ ನಗಬೇಡಿ, ಬೆರೆತ ಮೇಲೆ ಬೇಗ ಬಿಡುತ್ತದೆ. ಸುತ್ತಲಿನ ಪ್ಲಾಸ್ಟಿಕ್ಕಿಗೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಹಚ್ಚಿ ಹಾಟ್ ಏರ್ (ಬಿಸಿಗಾಳಿ ಊದುವ ಸಲಕರಣೆ) ಹಿಡಿಯಿರಿ, ಕನೆಕ್ಟರ್ ತಾನೇ ತೇಲಿದಾಗ ಚಿಮುಟದಿಂದ ಎತ್ತಿ. ಜಗ್ಗಿದರೆ ಪ್ಯಾಡೂ ಕಿತ್ತು ಬರುತ್ತದೆ. ಹಾಟ್ ಏರ್ ಇಲ್ಲದೆ ಆ 25 ವ್ಯಾಟಿನಲ್ಲಿ ಇದಕ್ಕೆ ಹೋಗಬೇಡಿ ಮಾರಾಯ್ರೆ, ಫೋನ್ ರಿಪೇರಿಯವನಿಗೆ ಬಿಚ್ಚಿದ ಬೋರ್ಡ್ ಮಾತ್ರ ಕೊಟ್ಟು ಮಾಡಿಸಿ.

ಪುಣೆ:
ಪ್ಯಾಡ್ ಕಿತ್ತು ಬಂದ್ರ ಅಂಜಬ್ಯಾಡ್ರಿ, ನಂದು ಬಂದಿತ್ತು. ಹದಿನಾರು ಪಿನ್ನಿನ ಟೈಪ್-ಸಿ ಒಳಗ 5 ವೋಲ್ಟಿನ ಪಿನ್ನು ನಾಲ್ಕು, ಗ್ರೌಂಡ್ ನಾಲ್ಕು ಇರ್ತಾವ, ಒಂದು ಹೋದ್ರ ಉಳದವು ಕೆಲಸ ಮಾಡ್ತಾವ. ಸಿಸಿ ಪ್ಯಾಡ್ ಹೋದ್ರ ಅಲ್ಲಿಂದ ಆ 5.1 ಕಿಲೋ ಓಮ್ ರೆಸಿಸ್ಟರ್ ತನಕ ಸಣ್ಣ ಎನಾಮಲ್ ತಂತಿ (ಮ್ಯಾಲೆ ವಾರ್ನಿಶ್ ಲೇಪ ಇರೋ ತಾಮ್ರದ ತಂತಿ) ಎಳೀರಿ. ಬ್ಲೇಡಿಲೆ ತುದಿ ಕೆರೆದು ಸೋಲ್ಡರ್ ಹಿಡಿಸೋದು ಮರೀಬ್ಯಾಡ್ರಿ. ಅದರಾಗ ಕರೆಂಟ್ ಇಲ್ಲ ಅಂದ್ರೂ ನಡೀತದ, ಕೂದಲದಷ್ಟು ತಂತಿ ಸಾಕು. 5 ವೋಲ್ಟಿಗೆ ಮಾತ್ರ ದಪ್ಪಂದ ಹಾಕ್ರಿ.

ಹೊಸ ಪೋರ್ಟ್ ತರಾಕ ಹೋಗೋವಾಗ ಹಳೇದನ್ನ ಕಿಸೆದಾಗ ಇಟಗೊಂಡ ಹೋಗ್ರಿ. ನಾ ಬುಧವಾರ ಪೇಠಿನ ಅಂಗಡಿಗಳೊಳಗ ಬರೇ ‘ಟೈಪ್-ಸಿ ಕೊಡ್ರಿ’ ಅಂತ ತಂದು ಎರಡು ಸಲ ತಿರುಗಿ ಹೋದೆ. ಆರು ಪಿನ್ನಿಂದು, ಹದಿನಾರು ಪಿನ್ನಿಂದು, ಬೋರ್ಡಿನ ಮ್ಯಾಲೆ ಕೂಡೋದು, ಬೋರ್ಡ್ ಕೊರದ ಜಾಗಾದಾಗ ಕೂಡೋದು, ಮೇಲಿಂದ ನೋಡಿದ್ರ ಎಲ್ಲಾ ಒಂದೇ. ಆರು ಪಿನ್ನಿಂದ್ರಾಗ ಡೇಟಾ ಇರೂದಿಲ್ಲ. ನಿಮಗ ಮುಂಬೈಯಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್ ಅದ, ಗ್ರಾಂಟ್ ರೋಡ್ ಸ್ಟೇಶನ್ ಇಳದು ನಡಕೊಂಡ ಹೋಗಬಹುದು.

ಠಾಣೆ:
ಇಷ್ಟೆಲ್ಲ ಯಾಕೆ? ಟಿಪಿ4056 ಅನ್ನೋ ಪುಟ್ಟ ಚಾರ್ಜಿಂಗ್ ಬೋರ್ಡೊಂದನ್ನು ನೇರ ಬ್ಯಾಟರಿಗೆ ಜೋಡಿಸಿ, ಬದಿಯಲ್ಲಿ ತೂತು ಕೊರೆದು ಹೊರಗೆ ತೆಗೆದರೆ ಮುಗೀತು.

ಡೊಂಬಿವಲಿ:
ಒಂದೇ ಸೆಲ್ ಇದ್ದರೆ ನಡೆದೀತು. ಅದು 4.2 ವೋಲ್ಟಿಗೆ ನಿಲ್ಲಿಸುವ ಐಸಿ, ಸಾಲಾಗಿ ಎರಡು ಸೆಲ್ ಇರುವ ರಿಮೋಟಿಗೆ ಅದನ್ನು ಕಟ್ಟಬಾರದು. ಲಿಥಿಯಂ ಬ್ಯಾಟರಿಯ ಕಾಲಿಗೆ ಮನೆಯಲ್ಲಿ ಐರನ್ ತಾಗಿಸುವ ಕೆಲಸ ನಾನಂತೂ ಯಾರಿಗೂ ಹೇಳಿಕೊಡುವುದಿಲ್ಲ.

ಕಾಂದಿವಲಿ (ಕೇಳಿದವರು):
ಭಾನುವಾರ ಬಿಚ್ಚಿದೆ. ಮಾಟುಂಗದವರ ಜುಂಗೂ ಇತ್ತು, ಡೊಂಬಿವಲಿಯವರ ಬಿರುಕೂ ಇತ್ತು, ಅದೂ ಎರಡು ಕಾಲಿನಲ್ಲಿ. ನನ್ನ ಐರನ್ನಿಗೆ ಸೋಲ್ಡರ್ ಗಂಜಿಯ ಹಾಗೆ ಮೆತ್ತಗಾಯ್ತೇ ಹೊರತು ಹರೀಲಿಲ್ಲ. ಕೆಳಮಹಡಿಯ ಎಲೆಕ್ಟ್ರಿಷಿಯನ್ ಹತ್ತಿರ 60 ವ್ಯಾಟಿಂದು ಕೇಳಿ ತಂದೆ, ಚಪ್ಪಟೆ ತುದಿ ಹಾಕಿದೆ, ಎರಡು ಎಣಿಸುವಷ್ಟರಲ್ಲಿ ಕರಗಿ ಫಳ ಫಳ ಹೊಳೀತು. ಈಗ ಕೇಬಲ್ ಅಲ್ಲಾಡಿಸಿದರೂ ದೀಪ ಆರ್ತಾ ಇಲ್ಲ. ಮೊದಲ ಚಾರ್ಜಿಗೆ ಸ್ಟೀಲ್ ತಟ್ಟೇಲಿ ಇಟ್ಟು ಮುಗಿಯೋವರೆಗೆ ಎದುರಿಗೇ ಕೂತಿದ್ದೆ, ಹೆಂಡತಿ ಕಾಫಿ ಅಲ್ಲಿಗೇ ತಂದುಕೊಟ್ಟಳು.

ಒಂದು ಅನುಮಾನ. ಎಡಗಡೆ ಆಂಟೆನಾ ಟಕ್ ಅಂತ ಕೂತಿತು, ಬಲಗಡೆಯದು ಶಬ್ದ ಮಾಡಲಿಲ್ಲ. ಮಗ ಶನಿವಾರ ಮಾಳಶೇಜ್ ಘಾಟಿಗೆ ಹೊರಟಿದ್ದಾನೆ. ಮತ್ತೆ ಬಿಚ್ಚಬೇಕಾ?

ಡೊಂಬಿವಲಿ:
ಬಿಚ್ಚಿ. ಟಕ್ ಅನ್ನದಿದ್ದರೆ ಕೂತಿಲ್ಲ ಅಂತಲೇ ಲೆಕ್ಕ. ಬಿಲ್ಡಿಂಗಿನ ಟೆರೇಸಿನಲ್ಲಿ ಏನೂ ಗೊತ್ತಾಗುವುದಿಲ್ಲ, ದೂರ ಹೋದ ಮೇಲೆ ಸಿಗ್ನಲ್ ಬಿಡುತ್ತದೆ. ಸ್ಕ್ರೂ ಅಂಟಿಸಿದ ಕಾಗದ ಎಸೆದಿಲ್ಲ ತಾನೆ?