ಮಂಡ್ಯದಲ್ಲಿ ಮಕ್ಕಳ ಆಶ್ರಮ ಶುರು ಮಾಡೋದಾ? ಅನುಭವ ಇರುವವರು ಹೇಳಿ

ಪ್ರಶ್ನೆ: ಕರ್ತನ ನಾಮದಲ್ಲಿ ವಂದನೆಗಳು. ಮಂಡ್ಯದಲ್ಲಿ ನಮ್ಮ ಸಭೆಯವರು ಒಂದು ಮನೆ ಬಾಡಿಗೆಗೆ ಹಿಡಿದು ಎಂಟು ಹತ್ತು ಅನಾಥ ಮಕ್ಕಳನ್ನು ಸಾಕಬೇಕು ಅಂತಿದ್ದೇವೆ. ಯಾಕೋಬನ ಪತ್ರಿಕೆ 1:27ರ ಮೇಲೆ ಪ್ರಸಂಗ ಕೇಳಿದಾಗಿನಿಂದ ಎಲ್ಲರ ಬಾಯಲ್ಲೂ ಇದೇ ಮಾತು. ಎಲ್ಲಿಂದ ಶುರು ಮಾಡಬೇಕು?

ಉತ್ತರ 1, ಮೈಸೂರಿನಿಂದ: ಬ್ರದರ್, ಮನೆಗೆ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ನಾವೂ ಹಿಂದೆ ಹೀಗೇ ದುಡುಕಿದ್ದೆವು. ನೋಂದಣಿ ಬೇಕು ಅನ್ನುವುದೂ ಗೊತ್ತಿರಲಿಲ್ಲ. ಒಂಬತ್ತು ಮಕ್ಕಳು ಬಂದರು. ಕೂತು ಒಬ್ಬೊಬ್ಬರ ವಿವರ ಬರೆದರೆ ಆರು ಮಕ್ಕಳಿಗೆ ತಾಯಿ ಇದ್ದಾರೆ! ಒಬ್ಬಾಕೆಗೆ ಪಾಂಡವಪುರದ ಕಡೆ ಆಲೆಮನೆಯಲ್ಲಿ ಕೆಲಸ. ಭಾನುವಾರ ಆರಾಧನೆ ಮುಗಿಯೋ ಹೊತ್ತಿಗೆ ಬರುತ್ತಿದ್ದರು. ಸೆರಗಿನ ತುದಿಯಲ್ಲಿ ಎರಡು ಅಚ್ಚು ಬೆಲ್ಲ. ಮಗ ಅದನ್ನು ತಿಂದು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದು, ಬಸ್ಸಿಗೆ ಹೊರಡುತ್ತಿದ್ದರು. ಅವರಿಗೆ ಬೇಕಿದ್ದದ್ದು ಫೀಸು, ಒಂದಿಷ್ಟು ರೇಷನ್, ಸಂಜೆ ಮಗನನ್ನು ನೋಡಿಕೊಳ್ಳೋಕೆ ಒಬ್ಬರು. ಅದನ್ನು ಕೊಡುವುದು ಬಿಟ್ಟು ನಾವು ಮಗನನ್ನೇ ಕರೆದುಕೊಂಡು ಬಂದಿದ್ದೆವು.

ಆಮೇಲೆ ಅವನನ್ನು ಮನೆಗೇ ಕಳಿಸಿದೆವು. ಮಿಷನ್ ವಾತ್ಸಲ್ಯ ಅನ್ನುವ ಕೇಂದ್ರ ಸರ್ಕಾರದ ಮಕ್ಕಳ ಯೋಜನೆಯಲ್ಲಿ ಇಂಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಹಾಯ ಇದೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಬೇರೆ ಕಡೆ 96,000 ರೂಪಾಯಿ ಮೀರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಕಾಗದಪತ್ರಕ್ಕೆ ಓಡಾಡೋಕೆ ಜನ ಬೇಕು, ಅದೇ ನಮ್ಮ ಸ್ತ್ರೀಯರ ಕೂಟದ ಸೇವೆ ಆಯಿತು. ಸುಮ್ನೆ ಹೇಳ್ತಿಲ್ಲ, ಹಾಡು ಹಾಡೋದಕ್ಕಿಂತ ಕಷ್ಟದ ಕೆಲಸ ಅದು.

ಉತ್ತರ 2: ನಾನು ಬೆಳೆದದ್ದೇ ಆಶ್ರಮದಲ್ಲಿ. ಸಿಸ್ಟರ್‌ಗಳು ಪ್ರೀತಿಯಿಂದಲೇ ನೋಡಿಕೊಂಡರು, ದೂರು ಏನೂ ಇಲ್ಲ. ಆದರೆ ಹದಿನೆಂಟಕ್ಕೆ ಹೊರಗೆ ಬಂದಾಗ ಅಂಗಡಿಯಲ್ಲಿ ಕಾಲು ಕೆಜಿ ಬೇಳೆ ಕೇಳೋಕೆ ಬರುತ್ತಿರಲಿಲ್ಲ. ನಾನು ನೋಡಿದ್ದ ಬೇಳೆ ಎಲ್ಲ ಮೂಟೆಯಲ್ಲೇ ಬರುತ್ತಿತ್ತು. ಇನ್ನೊಂದು: ಕ್ರಿಸ್‌ಮಸ್ ಬಂತೆಂದರೆ ಕೇಕ್ ಹಿಡಿಸಿ ಸಾಲಾಗಿ ನಿಲ್ಲಿಸಿ ಫೋಟೋ. ದಯವಿಟ್ಟು ಅದೊಂದು ಮಾಡಬೇಡಿ.

ಉತ್ತರ 3: ಕಾನೂನು ಮಾತ್ರ ಹೇಳ್ತೀನಿ. ದಿಕ್ಕಿಲ್ಲದ ಮಗು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗು ಎಲ್ಲಿರಬೇಕು ಅಂತ ತೀರ್ಮಾನಿಸೋದು ಮಕ್ಕಳ ಕಲ್ಯಾಣ ಸಮಿತಿ, ಪಾಸ್ಟರ್ ಅಲ್ಲ. ಆಸ್ಪತ್ರೆಯಿಂದ ನೇರವಾಗಿ ಕೂಸು ಎತ್ತಿಕೊಂಡು ಬಂದು ಸಾಕುವುದು 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು ಆಗಬಹುದು. ಸಭೆಯಲ್ಲಿ ಮಕ್ಕಳಿಲ್ಲದ ದಂಪತಿ ಇದ್ದರೆ ಕಾರಾ (ದತ್ತು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಮೂಲಕ ದತ್ತು ತೆಗೆದುಕೊಳ್ಳಲಿ. ಕ್ರೈಸ್ತರಿಗೂ ಅವಕಾಶ ಇದೆ, ಎಷ್ಟೋ ಜನಕ್ಕೆ ಇದೇ ಗೊತ್ತಿಲ್ಲ.

ಪ್ರಶ್ನೆ ಕೇಳಿದವರು: ಅಕ್ಕ, ಅಡ್ವಾನ್ಸ್ ಕೊಟ್ಟಾಗಿದೆ. ಸಂಜೆ ಟ್ಯೂಷನ್‌ಗೆ, ಊಟಕ್ಕೆ ಆ ಮನೆ ಬಳಸಬಹುದಾ?

ಉತ್ತರ 1: ಖಂಡಿತ. ಎಂಟು ಗಂಟೆವರೆಗೂ ಬಾಗಿಲು ತೆರೆದಿಡಿ. ಕೆಲಸಕ್ಕೆ ಹೋದ ತಾಯಂದಿರನ್ನು ಕರೆತರುವ ಗಾರ್ಮೆಂಟ್ಸ್ ಬಸ್ಸು ತಡವಾಗಿಯೇ ಬರೋದು.