ವಾರಂಟಿ ಮುಗಿದು 11ನೇ ದಿನಕ್ಕೆ ಕಾರು ಬಿಸಿ ಆಗಿ ನಿಂತಿದೆ, ಡೀಲರ್ ಕೈ ಎತ್ತಿದಾರೆ, ಮುಂದೇನ್ ಮಾಡ್ಲಿ?

ಹಿಂದಿನಸೀಟು:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ, ಎರಡು ದಿನದಿಂದ ನಿದ್ದೆ ಇಲ್ಲ.

ಮೂರೂವರೆ ತಿಂಗಳ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡೆ, ಏಳು ವರ್ಷ ಹಳೇದು, ಕೈಗೆ ಬಂದಾಗ ಮೀಟರ್ 64,310 ಇತ್ತು. 3 ತಿಂಗಳು ಇಲ್ಲಾ 5,000 ಕಿಲೋಮೀಟರ್, ಯಾವ್ದು ಮೊದ್ಲು ಮುಗಿಯುತ್ತೋ ಅದು, ಅಂತ ಡೀಲರ್ ವಾರಂಟಿ ಕೊಟ್ಟಿದ್ರು. ಗಾಡಿ ಗೊಂಬೆ ಥರ ಇತ್ತು, ಇಂಜಿನ್ ಬೇ ಎಲ್ಲಾ ತೊಳೆದು ಪಾಲಿಶ್ ಹೊಡೆದಿದ್ರು, ಬ್ಯಾಟರೀನೂ ಹೊಸದು ಹಾಕಿ ಕೊಟ್ರು, ನಾನೂ ಖುಷಿಯಾಗಿ ಸಹಿ ಹಾಕ್ಬಿಟ್ಟೆ.

ವಾರಂಟಿ ಮುಗಿದು ಸರಿಯಾಗಿ 11ನೇ ದಿನ, ಹೈವೇಲಿ ಹೋಗ್ತಾ ಇದ್ದಾಗ ಟೆಂಪರೇಚರ್ ಮುಳ್ಳು ಮಧ್ಯದಿಂದ ಮೇಲಕ್ಕೆ ಹತ್ತೋಕೆ ಶುರು ಆಯ್ತು, ಸೈಡಿಗೆ ಹಾಕೋಷ್ಟ್ರಲ್ಲಿ ಕೆಂಪು ಗೆರೆ ಮುಟ್ಟಿತ್ತು. ಬಾನೆಟ್ ಎತ್ತಿ ನೋಡಿದ್ರೆ ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ) ಟ್ಯಾಂಕ್ ಖಾಲಿ, ಆದ್ರೆ ನೆಲದ ಮೇಲೆ ಒಂದು ಹನಿ ಇಲ್ಲ. ಟೋ ಮಾಡಿಸಿ ಪರಿಚಯದ ಗ್ಯಾರೇಜಲ್ಲಿ ಬಿಟ್ಟಿದೀನಿ. ಅವ್ರು ಬಗ್ಗಿ ನೋಡಿದ ತಕ್ಷಣ ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಲೇಬೇಕು ಅಂತಿದಾರೆ. ಡೀಲರ್‌ಗೆ ಫೋನ್ ಮಾಡಿದ್ರೆ "ಡೇಟ್ ನೋಡಿ ಸರ್, ಕವರ್ ಆಗಲ್ಲ" ಅಂತ ಒಂದೇ ಮಾತು.

ಆಮೇಲೆ ಇದೂ ಹೇಳ್ಬೇಕು, ತಗೊಂಡು ಏಳನೇ ವಾರದಲ್ಲೇ ಟ್ಯಾಂಕಲ್ಲಿ ಕೂಲೆಂಟ್ ಮಿನಿಮಮ್ ಗೆರೆಗಿಂತ ಕೆಳಗೆ ಹೋಗಿತ್ತು. ಆಗ ಸೇಲ್ಸ್ ಹುಡುಗನಿಗೆ ಹೇಳಿದ್ದೆ, ಟಾಪ್ ಅಪ್ ಮಾಡ್ಕೊಳ್ಳಿ ಸರ್, ನಾರ್ಮಲ್ಲು ಅಂದ. ನಾನೂ ನಂಬಿ ಸುಮ್ನಾದೆ. ಬಿಚ್ಚಿಸ್ಲಾ? ಇಲ್ಲಾ ಡೀಲರ್ ಹಿಂದೆ ಬೀಳ್ಲಾ? ಡೇಟ್ ಅಂತೂ ಮುಗಿದಿದೆ, ಅದನ್ನ ನಾನೂ ಒಪ್ಕೋತೀನಿ.

ಸ್ಪ್ಯಾನರ್‌ಮಾಮ:

ಬಿಚ್ಚಿಸಬೇಡಿ. ಮೊದ್ಲು ಗ್ಯಾರೇಜಿಗೆ ಫೋನ್ ಮಾಡಿ ಇವತ್ತು ಸ್ಪ್ಯಾನರ್ ಮುಟ್ಟೋದು ಬೇಡ ಅಂತ ಹೇಳಿ, ಆಮೇಲೆ ಮುಂದಕ್ಕೆ ಓದಿ.

ಬಗ್ಗಿ ನೋಡಿದ್ರೆ ಹೆಡ್ ಗ್ಯಾಸ್ಕೆಟ್ ಕಾಣಲ್ಲ ಸ್ವಾಮಿ, ಅದು ಇಂಜಿನ್ನಿನ ಮೇಲ್ಭಾಗ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ಮಧ್ಯೆ, ಗ್ಯಾಸು ನೀರು ಸೋರದ ಹಾಗೆ, ಒತ್ಕೊಂಡು ಕೂತಿರುತ್ತೆ. ಕೂಲೆಂಟ್ ಖಾಲಿ ಆಗೋಕೆ ಹತ್ತು ದಾರಿ ಇದೆ. ವಾಟರ್ ಪಂಪ್ ಸೀಲ್ ಸೋರಿ ಬಿಸಿ ಇಂಜಿನ್ ಮೇಲೆ ಬಿದ್ದು ಆವಿ ಆದ್ರೆ ನೆಲಕ್ಕೆ ಹನಿ ಬೀಳಲ್ಲ, ಕಾರೊಳಗೆ ಬಿಸಿ ಗಾಳಿ ಕೊಡೋ ಹೀಟರ್ ಕೋರ್ ಸೋರಿದ್ರೆ ಒಳಗಡೆ ಕಾರ್ಪೆಟ್ ಕೆಳಗೆ ಇಳಿಯುತ್ತೆ, ಕ್ಯಾಪಿನ ಸ್ಪ್ರಿಂಗ್ ಸತ್ತಿದ್ರೆ ಪ್ರೆಷರ್ ನಿಲ್ದೆ ಆವಿಯಾಗಿ ಹೋಗುತ್ತೆ. ಇದ್ಯಾವುದೂ ಅಲ್ಲ ಅಂತ ಖಾತ್ರಿ ಆಗ್ದೇನೇ ಹೆಡ್ ಎತ್ತೋದು ಹೊಟ್ಟೆನೋವು ಅಂದವನಿಗೆ ಸೀದಾ ಆಪರೇಷನ್ ಮಾಡಿದ ಹಾಗೆ.

ಪ್ರೆಷರ್ ಟೆಸ್ಟ್ ಮಾಡಿಸಿ. ಇಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್ ತುಂಬಿಸಿ, ಕ್ಯಾಪ್ ಜಾಗದಲ್ಲಿ ಕೈಪಂಪ್ ಕೂರಿಸಿ, ಕ್ಯಾಪ್ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಪ್ರೆಷರ್ ಕೊಟ್ಟು, ಜಾಸ್ತಿ ಬೇಡ, ಕಾಲು ಗಂಟೆ ಬಿಡೋದು. ಪಂಪಿನ ಮುಳ್ಳು ಇಳೀತಾ ಇದೆ ಆದ್ರೆ ಹೊರಗೆ ಎಲ್ಲೂ ಒದ್ದೆ ಇಲ್ಲ ಅಂದ್ರೆ ಒಳಗೆ ಹೋಗ್ತಿದೆ ಅಂತ ಅನುಮಾನ. ಆಗ ಬ್ಲಾಕ್ ಟೆಸ್ಟ್: ಟ್ಯಾಂಕ್ ಬಾಯಿಗೆ ನೀಲಿ ದ್ರವ ಇರೋ ಗಾಜಿನ ಕೊಳವೆ ಇಟ್ಟು ಇಂಜಿನ್ ಓಡಿಸ್ತಾರೆ, ಸಿಲಿಂಡರ್ ಗ್ಯಾಸ್ ಕೂಲೆಂಟಿಗೆ ನುಗ್ತಾ ಇದ್ರೆ ಪೆಟ್ರೋಲ್ ಗಾಡೀಲಿ ನೀಲಿ ಹಳದಿ ಆಗುತ್ತೆ. ಎರಡನ್ನೂ ವಿಡಿಯೋ ಮಾಡ್ಕೊಳ್ಳಿ, ಮೊದ್ಲು ನಂಬರ್ ಪ್ಲೇಟ್, ಆಮೇಲೆ ಮೀಟರ್, ಆಮೇಲೆ ಟೆಸ್ಟು, ಮಧ್ಯ ಕಟ್ ಮಾಡ್ದೆ.

ಒಂದೆರಡು ಪ್ರಶ್ನೆ. ಬೆಳಿಗ್ಗೆ ಫಸ್ಟ್ ಸ್ಟಾರ್ಟಿಗೆ ಗಾಡಿ ನಡುಗಿ ಆಮೇಲೆ ಸರಿ ಹೋಗ್ತಿತ್ತಾ? ಚೆಕ್ ಇಂಜಿನ್ ಲೈಟ್ ಯಾವತ್ತಾದ್ರೂ ಬಂದಿತ್ತಾ? ಟ್ಯಾಂಕ್ ತಳದಲ್ಲಿ ಏನಾದ್ರೂ ಕೂತಿದ್ಯಾ ನೋಡಿ, ಟಾರ್ಚ್ ಬಿಟ್ಟು ನೋಡ್ಬೇಕು.

ಹಿಂದಿನಸೀಟು:

ಮಾಮ, ಗ್ಯಾರೇಜಿಗೆ ನಿಲ್ಸಿ ಅಂತ ಹೇಳ್ದೆ. ಹೌದು, ಬೆಳಿಗ್ಗೆ ಮೊದಲ ಐದಾರು ಸೆಕೆಂಡ್ ಗುಡುಗುಡು ಅಂತಿತ್ತು, ಬಿಳಿ ಹೊಗೆ ಬರ್ತಿತ್ತು, ಚಳಿಗೆ ಎಲ್ಲಾ ಗಾಡೀಲೂ ಬರುತ್ತೆ ಅಂದ್ಕೊಂಡಿದ್ದೆ. ಲೈಟು ಹೋದ ತಿಂಗಳು ಒಂದ್ಸಲ ಬಂದು ಎರಡು ದಿನ ಇದ್ದು ತಾನೇ ಹೋಯ್ತು.

ಹಳೇಇವ್ಯಾಲ್ಯುಯೇಟರ್:

ನಾನು ಕೆಲವು ವರ್ಷ ಸೆಕೆಂಡ್ ಹ್ಯಾಂಡ್ ಶೋರೂಮಲ್ಲಿ ಗಾಡಿ ಚೆಕ್ ಮಾಡೋ ಕೆಲಸದಲ್ಲಿದ್ದೆ, ಈಗ ಬಿಟ್ಟಿದೀನಿ, ಅದಕ್ಕೇ ಧೈರ್ಯವಾಗಿ ಹೇಳ್ತೀನಿ. ಕೌಂಟರ್‌ನವರು "ಡೇಟ್ ಮುಗೀತು" ಅಂತ ಯಾಕೆ ಅಂತಾರೆ ಅಂದ್ರೆ ಹತ್ತರಲ್ಲಿ ಒಂಬತ್ತು ಜನ ಅಷ್ಟಕ್ಕೇ ಫೋನ್ ಇಟ್ಬಿಡ್ತಾರೆ. ನೀವೂ ಪ್ರಶ್ನೇಲೇ ಡೇಟ್ ಮುಗಿದಿದೆ ಒಪ್ಕೋತೀನಿ ಅಂತ ಬರೆದಿದೀರಾ ನೋಡಿ! ಗಾಡಿ ನಿಂತಿದ್ದು ವಾರಂಟಿ ಆದ್ಮೇಲೆ, ನಿಜ. ಕಂಪ್ಲೇಂಟ್ ಕೊಟ್ಟಿದ್ದು ವಾರಂಟಿ ಒಳಗೆ, ಏಳನೇ ವಾರದಲ್ಲಿ. ಅದೇ ತೊಂದರೆ ರಿಪೇರಿ ಆಗ್ದೆ ಬೆಳೆದು ಈಗ ಗಾಡಿ ನಿಲ್ಸಿದೆ ಅಂತ ನೀವು ತೋರಿಸೋಕೆ ಆದ್ರೆ ಮಾತುಕತೆ ಬೇರೇನೇ ಆಗುತ್ತೆ.

ಸೇಲ್ಸ್ ಹುಡುಗನಿಗೆ ಹೇಳಿದ್ದು ಬಾಯಲ್ಲಾ, ವಾಟ್ಸ್ಆಪಲ್ಲಾ? ಬಾಯಲ್ಲಿ ಹೇಳಿದ್ರೆ ಕಷ್ಟ, ಅವನು ಈಗ ಅಲ್ಲಿ ಕೆಲಸದಲ್ಲೇ ಇಲ್ದೆ ಇರಬಹುದು.

ವಾರಂಟಿ ಪೇಪರ್ ಪೂರ್ತಿ ಓದಿ, ಹಿಂದಿನ ಪುಟದ ಸಣ್ಣ ಅಕ್ಷರ ಕೂಡ. ಎಷ್ಟೋ ಕಡೆ "ಇಂಜಿನ್, ಗೇರ್‌ಬಾಕ್ಸ್" ಅಂತ ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಒಳಗಡೆ ಆಯಿಲ್ ಓಡೋ ಪಾರ್ಟ್ ಮಾತ್ರ ಅಂತ ಬರೆದಿರ್ತಾರೆ, ಗ್ಯಾಸ್ಕೆಟ್ಟು, ಸೀಲು, ಹೋಸು ಎಲ್ಲಾ ಹೊರಗೆ. ಓವರ್‌ಹೀಟ್ ಆದ್ಮೇಲೂ ಓಡಿಸಿದ್ರೆ ಕ್ಲೇಮ್ ಇಲ್ಲ ಅಂತ ಇನ್ನೊಂದು ಸಾಲು ಇರುತ್ತೆ, ನೀವು ಸೈಡಿಗೆ ಹಾಕಿ ಟೋ ಮಾಡಿಸಿದ್ದು ಒಳ್ಳೇದಾಯ್ತು, ಟೋ ರಸೀದಿ ಬಿಸಾಕಬೇಡಿ. ವಾರಂಟಿ ಕೊಟ್ಟಿರೋದು ಡೀಲರ್ರಾ ಇಲ್ಲಾ ಅವರ ಮೂಲಕ ಬೇರೆ ವಾರಂಟಿ ಕಂಪನೀನಾ ಅದನ್ನೂ ನೋಡಿ. ಬೇರೆ ಕಂಪನಿ ಆದ್ರೆ ಅವರ ಒಪ್ಪಿಗೆ ಇಲ್ದೆ ಬಿಚ್ಚಿದ್ರೆ ಅಲ್ಲಿಗೇ ಕಥೆ ಮುಗೀತು, ಅದಕ್ಕೇ ಮಾಮ ಬಿಚ್ಚಬೇಡಿ ಅಂದಿದ್ದು ಲಕ್ಷಕ್ಕೊಂದು ಮಾತು.

ಕೋಡ್‌ಓದುಗ:

ಮೆಕ್ಯಾನಿಕಲ್ ವಿಷ್ಯ ಮೇಲಿನವರು ಹೇಳಿದಾರೆ, ನಾನು ಕಂಪ್ಯೂಟರ್ ಕಡೆಯಿಂದ ಹೇಳ್ತೀನಿ. ಒಂದು ಬ್ಲೂಟೂತ್ ಓಬಿಡಿ ಡಾಂಗಲ್ (ಕಾರಿನ ಕಂಪ್ಯೂಟರ್ ಓದೋ ಸಣ್ಣ ಸಾಧನ) ತಗೊಂಡು ಸ್ಟೇರಿಂಗ್ ಕೆಳಗಿರೋ ಪೋರ್ಟಿಗೆ ಹಾಕಿ ಫೋನಲ್ಲಿ ದೋಷದ ಕೋಡ್ ಓದಿ. ಓದೋದು ಮಾತ್ರ, ಕ್ಲಿಯರ್ ಬಟನ್ ಕಡೆ ಕೈ ಹೋಗ್ಬಾರದು, ಒತ್ತಿದ್ರೆ ನಿಮ್ಮ ಸಾಕ್ಷಿ ನೀವೇ ಅಳಿಸಿದ ಹಾಗೆ. ಲೈಟ್ ಆರಿ ಹೋಗಿದ್ರೂ ಕೋಡ್ ಮೆಮೊರೀಲಿ ಇನ್ನೂ ಸ್ವಲ್ಪ ದಿನ ಇರುತ್ತೆ. ಪಿ 0301, 0302 ಹೀಗೆ ಬಂದ್ರೆ ಕೊನೇ ಅಂಕಿ ಯಾವ ಸಿಲಿಂಡರ್ ಮಿಸ್‌ಫೈರ್, ಅಂದ್ರೆ ಸರಿಯಾಗಿ ಉರೀತಿಲ್ಲ, ಅಂತ ಹೇಳುತ್ತೆ, 0300 ಅಂದ್ರೆ ಇಂಥದ್ದೇ ಅಂತಿಲ್ಲ, ಎಲ್ಲಾ ಕಡೆ.

ಇನ್ನೊಂದು ಜಾಗ ಇದೆ, ಯಾರೂ ನೋಡಲ್ಲ. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ದೂರ ಓಡಿದೆ ಅನ್ನೋ ಲೆಕ್ಕ ಇಂಜಿನ್ ಕಂಪ್ಯೂಟರ್ ಇಟ್ಕೊಂಡಿರುತ್ತೆ, ಬಹಳಷ್ಟು ಆಪಲ್ಲಿ ಕಾಣುತ್ತೆ. ಅದನ್ನ ಈಗಿನ ಮೀಟರಿಂದ ಕಳೀರಿ, ಯಾವ ಕಿಲೋಮೀಟರಲ್ಲಿ ಅಳಿಸಿದ್ರು ಗೊತ್ತಾಗುತ್ತೆ.

ಹಿಂದಿನಸೀಟು:

ಗ್ಯಾರೇಜಿಗೇ ಹೋಗಿ ಕೂತು ಎಲ್ಲಾ ಮಾಡಿಸ್ದೆ.

ಕೋಡು ಪಿ 0303. ಅಳಿಸಿದ ಮೇಲೆ ಓಡಿದ ದೂರ 4,212. ಮೀಟರ್ 68,480. ಕಳೆದ್ರೆ 64,268. ನಂಗೆ ಕೊಟ್ಟಾಗ 64,310! ಅಂದ್ರೆ ನನ್ನ ಕೈಗೆ ಬರೋಕೆ 42 ಕಿಲೋಮೀಟರ್ ಮುಂಚೆ ಅಳಿಸಿದಾರೆ, ಮೈ ಉರಿದು ಹೋಯ್ತು.

ಪ್ರೆಷರ್ ಟೆಸ್ಟಲ್ಲಿ ಮುಳ್ಳು ನಿಧಾನಕ್ಕೆ ಇಳೀತು, ಹೊರಗೆಲ್ಲೂ ಒದ್ದೆ ಇಲ್ಲ. ನೀಲಿ ದ್ರವ ಎರಡು ನಿಮಿಷದಲ್ಲಿ ಸಾಸಿವೆ ಹೂವಿನ ಬಣ್ಣ ಆಯ್ತು. ಮೂರನೇ ಸಿಲಿಂಡರ್ ಸ್ಪಾರ್ಕ್ ಪ್ಲಗ್ ತೆಗೆದ್ರು, ಬೇರೆ ಮೂರು ಕಂದು ಬಣ್ಣ, ಇದು ಮಾತ್ರ ಆವೀಲಿ ತೊಳೆದಿಟ್ಟ ಹಾಗೆ ಬೆಳ್ಳಗೆ. ಟ್ಯಾಂಕ್ ತಳದಲ್ಲಿ ತಾಮ್ರದ ಬಣ್ಣದ ಮಿನುಗೋ ಪುಡಿ ಇತ್ತು ಮಾಮ, ಬೆರಳಲ್ಲಿ ಉಜ್ಜಿದ್ರೆ ಮರಳು ಥರ. ಅದೇನು?

ಮತ್ತೆ, ಹೇಳಿದ್ದು ವಾಟ್ಸ್ಆಪಲ್ಲೇ. ಟ್ಯಾಂಕಿನ ಫೋಟೋನೂ ಕಳಿಸಿದ್ದೆ, "ನಾರ್ಮಲ್ ಸರ್" ಅಂತ ಅವನ ಉತ್ತರನೂ ಇದೆ.

ಸ್ಪ್ಯಾನರ್‌ಮಾಮ:

ಸ್ಟಾಪ್ ಲೀಕ್ ಅದು. ಸೋರೋ ಜಾಗದಲ್ಲಿ ಹೋಗಿ ಗಟ್ಟಿ ಆಗ್ಲಿ ಅಂತ ಕೂಲೆಂಟಿಗೆ ಸುರಿಯೋ ಔಷಧಿ, ಕೆಲವದ್ರಲ್ಲಿ ಲೋಹದ ಪುಡಿ ಇರುತ್ತೆ. ಕೆಲವು ವಾರ, ಅದೃಷ್ಟ ಇದ್ರೆ ಕೆಲವು ತಿಂಗಳು ತಡ್ಕೊಳುತ್ತೆ, ಆಮೇಲೆ ಬಿಟ್ಕೊಳುತ್ತೆ. ನೀವು ಹಾಕಿಲ್ಲ ತಾನೆ? ಆ ಪುಡೀನ ಟ್ಯಾಂಕಲ್ಲೇ ಬಿಡಿ, ತೊಳೀಬೇಡಿ, ಫೋಟೋ ತೆಗೀರಿ.

ಹಳೇಇವ್ಯಾಲ್ಯುಯೇಟರ್:

42 ಕಿಲೋಮೀಟರ್ ಲೆಕ್ಕ ನೋಡಿ ಕುಣೀಬೇಡಿ, ಒಂದು ನಿಮಿಷ. ಬ್ಯಾಟರಿ ಹೊಸದು ಹಾಕಿ ಕೊಟ್ರು ಅಂತ ನೀವೇ ಬರೆದಿದೀರಾ. ಎಷ್ಟೋ ಗಾಡೀಲಿ ಬ್ಯಾಟರಿ ವೈರ್ ತೆಗೆದ್ರೂ ಈ ಲೆಕ್ಕ ಸೊನ್ನೆ ಆಗುತ್ತೆ. ನೀವು ಅದನ್ನೇ ಮೊದ್ಲು ಎತ್ತಿದ್ರೆ ಅವರು "ಬ್ಯಾಟರಿ ಬದಲಾಯಿಸಿದ್ವಿ ಸರ್" ಅಂದು ನಗ್ತಾರೆ, ಅಲ್ಲಿಂದ ನಿಮ್ಮ ಬೇರೆ ಮಾತಿಗೂ ಬೆಲೆ ಇರಲ್ಲ. ಸ್ಟಾಪ್ ಲೀಕೂ ಹಾಗೇ, ಹಳೇ ಓನರ್ ಹಾಕಿರಬಹುದು ಅಂತಾರೆ. ಅನ್ಲಿ ಬಿಡಿ, ಯಾರು ಹಾಕಿದ್ರೂ ಮಾರೋವಾಗ ಗಾಡಿ ಒಳಗೇ ಇತ್ತು ಅಂತ ಅವರೇ ಒಪ್ಕೊಂಡ ಹಾಗಾಯ್ತು.

ನಿಮ್ಮ ಕೈಲಿರೋ ಗಟ್ಟಿ ಕಾಗದ ವಾಟ್ಸ್ಆಪೇ. ಫೋನ್ ಮಾಡ್ಬೇಡಿ, ಮೇಲ್ ಹಾಕಿ, ಮ್ಯಾನೇಜರ್ ಹೆಸರಿಗೆ, ಒಂದೇ ಪುಟ: ಈ ದಿನ ತಗೊಂಡೆ, ಈ ದಿನ ವಾರಂಟಿ ಒಳಗೆ ಕೂಲೆಂಟ್ ಕಮ್ಮಿ ಅಂತ ಫೋಟೋ ಸಮೇತ ತಿಳಿಸ್ದೆ, ನೀವು ಗಾಡಿ ನೋಡ್ದೆ ನಾರ್ಮಲ್ ಅಂದ್ರಿ, ಅದೇ ಕೂಲೆಂಟ್ ತೊಂದರೆಯಿಂದ ಈ ದಿನ ನಿಂತಿದೆ, ಟೆಸ್ಟ್ ರಿಪೋರ್ಟ್ ಇಲ್ಲಿದೆ, ಬಿಚ್ಚೋಕೆ ಮುಂಚೆ ನಿಮ್ಮವರು ಬಂದು ನೋಡ್ಬಹುದು, ಇಂಥ ದಿನದವರೆಗೆ ಕಾಯ್ತೀನಿ. ಬೈಗುಳ ಬೇಡ, ಮೋಸ ಅನ್ನೋ ಪದ ಬೇಡ. ಏನು ಬೇಕು ಅಂತ ಸ್ಪಷ್ಟವಾಗಿ ಕೇಳಿ, ಇಲ್ಲಾಂದ್ರೆ ಒಂದು ಸರ್ವಿಸ್ ಫ್ರೀ ಕೊಟ್ಟು ಸಾಗಹಾಕ್ತಾರೆ.

ಗೇರ್‌ಬಿದ್ದಿಲ್ಲ:

ನಂದು ಆಟೋಮ್ಯಾಟಿಕ್ಕು, ಗೇರ್‌ಬಾಕ್ಸ್ ವಾರಂಟಿ ಮುಗಿದು ತಿಂಗಳಿಗೆ ಹೋಯ್ತು. ಮುಂಚೆ ಎರಡು ಸಲ ಜಗ್ಗುತ್ತೆ ಅಂತ ತಗೊಂಡು ಹೋಗಿದ್ದೆ, ಎರಡು ಸಲಾನೂ ಟೆಸ್ಟ್ ಡ್ರೈವ್ ಮಾಡಿ ಏನೂ ಇಲ್ಲ ಮೇಡಂ ಅಂತ ಕಳಿಸಿದ್ರು, ಜಾಬ್ ಕಾರ್ಡ್ ಕೇಳಿದ್ರೆ ಕೆಲಸನೇ ಮಾಡಿಲ್ವಲ್ಲ ಯಾಕೆ ಕಾರ್ಡು ಅಂದ್ರು. ಕೊನೆಗೆ ಕೇಳೋಕೆ ಹೋದ್ರೆ ನೀವು ಬಂದಿದ್ದೇ ರೆಕಾರ್ಡಲ್ಲಿಲ್ಲ ಅಂದ್ರು!! ಪೂರ್ತಿ ನನ್ನ ಜೇಬಿಂದಾನೇ ಹೋಯ್ತು. ಆ ವಾಟ್ಸ್ಆಪ್ ಚಾಟ್ ಇವತ್ತೇ ಎಕ್ಸ್‌ಪೋರ್ಟ್ ಮಾಡಿ ಇಟ್ಕೊಳ್ಳಿ ಸರ್, ಫೋನ್ ಕಳೆದ್ರೆ ಅದೂ ಹೋಗುತ್ತೆ.

ಬ್ರೇಕ್‌ಇಲ್ಲದಬಾಯಿ:

ಏಳು ವರ್ಷದ ಗಾಡಿ ತಗೊಂಡು ಹೊಸ ಗಾಡಿ ಥರ ಓಡ್ಬೇಕು ಅಂದ್ರೆ ಹೆಂಗೆ ಗುರು. ತಗೊಳ್ಳೋ ಮುಂಚೆ ಹೊರಗಿನ ಮೆಕ್ಯಾನಿಕ್ ಕರ್ಕೊಂಡು ಹೋಗಿದ್ರೆ ಆ ಪುಡಿ ಅವತ್ತೇ ಕಾಣ್ತಿತ್ತು.

ಹಿಂದಿನಸೀಟು:

ಗುರು, ನೀವು ಹೇಳಿದ್ದು ನಿಜ, ಆದ್ರೆ ಇವತ್ತು ಅದನ್ನ ಕೇಳಿ ಏನ್ ಮಾಡ್ಲಿ.

ಅಪ್‌ಡೇಟ್. ಮೇಲ್ ಹಾಕಿ ಮೂರು ದಿನ ಉತ್ತರ ಇಲ್ಲ, ನಾಲ್ಕನೇ ದಿನ ಮ್ಯಾನೇಜರೇ ಫೋನ್ ಮಾಡಿದ್ರು. ಮೊದ್ಲು ಡೇಟ್ ಕಥೆ, ಆಮೇಲೆ ಗ್ಯಾಸ್ಕೆಟ್ ಲಿಸ್ಟಲ್ಲಿಲ್ಲ ಅನ್ನೋ ಕಥೆ. ನಾನು ಚಾಟ್ ಬಗ್ಗೆ ಮಾತ್ರ ಹೇಳ್ತಾ ಇದ್ದೆ, 42 ಕಿಲೋಮೀಟರ್ ಮಾತು ಎತ್ತಲೇ ಇಲ್ಲ. ಅವರ ಮೆಕ್ಯಾನಿಕ್ ಬಂದು ಪ್ಲಗ್ಗು, ಪುಡಿ ಎರಡೂ ನೋಡ್ಕೊಂಡು ಹೋದ. ಕೊನೆಗೆ ಲೇಬರ್ರು, ಹೆಡ್ ಮಷಿನಿಂಗು (ಹೆಡ್ ಮೇಲ್ಮೈ ಸಮ ಮಾಡೋದು) ಅವರದ್ದು, ಪಾರ್ಟ್ಸು ನಂದು ಅಂತ ಮೇಲಲ್ಲೇ ಬರೆದು ಕೊಟ್ಟಿದಾರೆ. ಪೂರ್ತಿ ಸಿಗಲಿಲ್ಲ, ಜಗಳ ಆಡೋಕೂ ಇನ್ನು ಶಕ್ತಿ ಇಲ್ಲ, ಒಪ್ಕೊಂಡೆ.

ನಾಳೆ ಹೆಡ್ ಎತ್ತುತಾರೆ. ನಾನು ಪಕ್ಕದಲ್ಲಿ ನಿಂತು ಏನ್ ನೋಡ್ಬೇಕು ಮಾಮ?

ಸ್ಪ್ಯಾನರ್‌ಮಾಮ:

ಹೆಡ್ ಬಗ್ಗಿದ್ಯಾ ಅಂತ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಟ್ಟು ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡು) ತೂರಿಸಿ ನೋಡ್ತಾರೆ, ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ. ಬಹಳ ಇಂಜಿನ್ನಲ್ಲಿ 0.05ರಿಂದ 0.1 ಮಿಲಿಮೀಟರ್ ಒಳಗೇ ಇರ್ಬೇಕು, ನಿಮ್ಮ ಇಂಜಿನ್ ಮ್ಯಾನ್ಯುಯಲಲ್ಲಿ ಎಷ್ಟಿದೆಯೋ ಅದೇ ಲೆಕ್ಕ. ಬ್ಲಾಕ್ ಮೇಲ್ಮೈನೂ ಹಾಗೇ ನೋಡ್ಬೇಕು, ಅದನ್ನ ಮರೀತಾರೆ. ಹೆಡ್ಡಲ್ಲಿ ಬಿರುಕು ಇದ್ಯಾ ಅಂತ ಮಷಿನ್ ಶಾಪಲ್ಲಿ ಪ್ರೆಷರ್ ಟೆಸ್ಟ್ ಮಾಡಿಸದೆ ಮಷಿನಿಂಗಿಗೆ ಕೊಡ್ಬೇಡಿ.

ಹೆಡ್ ಬೋಲ್ಟ್ ಹೊಸದು ತರಿಸಿ. ಈಗಿನ ಬಹಳಷ್ಟು ಇಂಜಿನ್ನಲ್ಲಿ ಅವು ಬಿಗಿ ಮಾಡಿದಾಗ ಸ್ವಲ್ಪ ಎಳೆದುಕೊಳ್ಳೋ ಥರದ್ದು, ಒಂದೇ ಸಲಕ್ಕೆ, ಮೊದ್ಲು ಟಾರ್ಕು (ಇಷ್ಟೇ ತಿರುಗು ಬಲ ಅಂತ) ಆಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸೋದು. ಹಳೇದನ್ನೇ ಹಾಕ್ತೀನಿ ಅಂದ್ರೆ ಬೇಡ ಅನ್ನಿ. ಆ ತಾಮ್ರದ ಪುಡಿ ರೇಡಿಯೇಟರ್, ಹೀಟರ್ ಕೋರ್ ಎಲ್ಲಾ ಕಡೆ ಕೂತಿರುತ್ತೆ, ಪೂರ್ತಿ ಫ್ಲಶ್ ಮಾಡಿಸಿ, ಥರ್ಮೋಸ್ಟಾಟ್ ಬದಲಾಯಿಸಿಬಿಡಿ. ಆಯಿಲು, ಫಿಲ್ಟರ್ ಹೇಗೂ ಹೊಸದೇ.

ಗಾಡಿ ವಾಪಸ್ ಬಂದ್ಮೇಲೆ ಒಂದು ವಾರ ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ರೇಡಿಯೇಟರ್ ಮೇಲಿನ ಹೋಸ್ ಅಮುಕಿ ನೋಡಿ. ತಣ್ಣಗಿದ್ದಾಗ ಮೆತ್ತಗಿರ್ಬೇಕು. ರಾತ್ರಿಯೆಲ್ಲಾ ನಿಂತ ಗಾಡೀಲೂ ಕಲ್ಲಿನ ಥರ ಗಟ್ಟಿ ಇದ್ರೆ ಸಿಲಿಂಡರ್ ಗ್ಯಾಸ್ ಇನ್ನೂ ನುಗ್ತಿರ್ಬಹುದು, ಅವತ್ತೇ ಬಂದು ಇಲ್ಲಿ ಬರೀರಿ.

ಹಿಂದಿನಸೀಟು:

ಹೆಡ್ ಎತ್ತಿದ್ರು. ಹಳೇ ಗ್ಯಾಸ್ಕೆಟ್ ನಾನೇ ಕೇಳಿ ಇಸ್ಕೊಂಡೆ. ಮೂರನೇ ಸಿಲಿಂಡರ್ ಉಂಗುರದಿಂದ ಪಕ್ಕದ ನೀರಿನ ತೂತಿಗೆ ಒಂದು ಕಪ್ಪು ಗೆರೆ, ಉಗುರು ಅಗಲ ಕೂಡ ಇಲ್ಲ, ಅಂಚಲ್ಲಿ ಅದೇ ತಾಮ್ರದ ಪುಡಿ ಕಚ್ಕೊಂಡಿದೆ. ಹೆಡ್ 0.08 ಬಗ್ಗಿದೆ, ಮ್ಯಾನ್ಯುಯಲ್ ಪ್ರಕಾರ 0.05 ಮೀರಬಾರದಂತೆ, ಹಾಗಾಗಿ ಮಷಿನ್ ಶಾಪಿಗೆ ಹೋಗಿದೆ, ಬಿರುಕು ಟೆಸ್ಟ್ ಮೊದ್ಲು ಅಂತ ಬರೆಸಿ ಕಳಿಸಿದೀನಿ. ಬೋಲ್ಟ್ ಆರ್ಡರ್ ಹಾಕಿದೀನಿ, ಶುಕ್ರವಾರ ಬರುತ್ತಂತೆ.