ಮೆಡಿಕಲ್ ಕಾಲೇಜಿನ ಸೆಕೆಂಡರಿ ಅರ್ಜಿ: ದಾಟಿ ಬಂದವರು ದಯವಿಟ್ಟು ಹೇಳಿ

ಪ್ರಶ್ನೆ, ನ್ಯೂಜೆರ್ಸಿಯಿಂದ

ಮಗ ಈ ವರ್ಷ ಅಮೆರಿಕದ 22 ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಿದ್ದಾನೆ. ಜೂನ್‌ನಲ್ಲಿ ಮೊದಲ ಅರ್ಜಿ ಹೋದಾಗ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಈಗ ಜುಲೈನ ಹತ್ತೇ ದಿನಗಳಲ್ಲಿ 14 ಕಡೆಯಿಂದ ಸೆಕೆಂಡರಿ ಅರ್ಜಿ, ಅಂದರೆ ಪ್ರತಿ ಕಾಲೇಜೂ ತಾನೇ ಪ್ರಶ್ನೆ ಕೇಳಿ ಕಳುಹಿಸುವ ಎರಡನೆಯ ಅರ್ಜಿ, ಬಂದು ಬಿದ್ದಿದೆ. ಒಂದೊಂದರಲ್ಲೂ ಮೂರು ನಾಲ್ಕು ಪ್ರಬಂಧ. ಹುಡುಗ ರಾತ್ರಿ ಎರಡಾದರೂ ಮಲಗುವುದಿಲ್ಲ. ನಾನು, ನಮ್ಮ ಯಜಮಾನರು ಇಬ್ಬರೂ ಪಿಯುಸಿ, ಸಿಇಟಿ ಬರೆದು ಬಂದವರು. ರ‍್ಯಾಂಕ್ ಬಂದರೆ ಸೀಟು, ಬಾರದಿದ್ದರೆ ಇಲ್ಲ, ಅಷ್ಟೇ ಗೊತ್ತು. ಇವರು ಕೇಳುವುದು ಏನನ್ನು? ಎಷ್ಟು ದಿನದೊಳಗೆ ಕಳುಹಿಸಬೇಕು? ಮನೆಯವರಾಗಿ ನಾವು ಏನು ಮಾಡಬೇಕು, ಏನು ಮಾಡಬಾರದು?

ಉತ್ತರ, ಮಿಚಿಗನ್‌ನಿಂದ ಒಬ್ಬ ತಾಯಿ

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ಮೂರು ವರ್ಷದ ಹಿಂದಿನ ನಮ್ಮ ಮನೆಯ ಜುಲೈ ಕಣ್ಣ ಮುಂದೆ ಬಂತು. ಮೊದಲು ಅವನನ್ನು ಮಲಗಿಸಿ. ರಾತ್ರಿ ಎರಡಕ್ಕೆ ಬರೆದ ಪ್ರಬಂಧವನ್ನು ಬೆಳಿಗ್ಗೆ ಮತ್ತೆ ಬರೆಯಬೇಕಾಗುತ್ತದೆ, ನಮ್ಮ ಮಗಳ ವಿಷಯದಲ್ಲಿ ಪ್ರತಿ ಸಲವೂ ಹಾಗೆಯೇ ಆಯಿತು.

ಸೆಕೆಂಡರಿ ಬಂತೆಂದರೆ ಆಯ್ಕೆಯಾದ ಹಾಗಲ್ಲ. ಬಹಳಷ್ಟು ಕಾಲೇಜುಗಳು ಅರ್ಜಿ ಹಾಕಿದವರಿಗೆಲ್ಲ ಕಳುಹಿಸುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಂಥ ಕೆಲವು ಮಾತ್ರ ಮೊದಲೇ ಜರಡಿ ಹಿಡಿಯುತ್ತವೆ. ಎರಡು ವಾರದೊಳಗೆ ಕಳುಹಿಸಬೇಕು ಎಂಬುದು ಎಲ್ಲರೂ ಹೇಳುವ ಮಾತು. ಅಧಿಕೃತ ಕೊನೆಯ ದಿನ ಸಾಮಾನ್ಯವಾಗಿ ಅದಕ್ಕಿಂತ ತುಂಬಾ ಮುಂದಿರುತ್ತದೆ. ಆದರೆ ಅರ್ಜಿ ಬಂದ ಹಾಗೆಲ್ಲ ಓದಿ ಸಂದರ್ಶನಕ್ಕೆ ಕರೆಯುವುದರಿಂದ ಬೇಗ ಕಳುಹಿಸುವುದು ಒಳ್ಳೆಯದು. 14ನ್ನೂ ಎರಡೇ ವಾರದಲ್ಲಿ ಚೆನ್ನಾಗಿ ಮುಗಿಸಲು ಆಗುವುದಿಲ್ಲ. ನಿಮ್ಮ ರಾಜ್ಯದ ಸರ್ಕಾರಿ ಕಾಲೇಜುಗಳನ್ನು ಮೊದಲು ಮುಗಿಸಲಿ, ಸ್ವಂತ ರಾಜ್ಯದವರಿಗೆ ಅಲ್ಲಿ ಹೆಚ್ಚಿನ ಅವಕಾಶ. ಆಮೇಲೆ ಅವನಿಗೆ ನಿಜವಾಗಿ ಆಸೆಯಿರುವ ಕಾಲೇಜುಗಳು.

ನಾನು ಮಾಡಿದ ಒಂದೇ ಒಂದು ಉಪಯೋಗದ ಕೆಲಸ ಹೇಳುತ್ತೇನೆ. ಬಂದ ಪ್ರಶ್ನೆಗಳನ್ನೆಲ್ಲ ಒಂದು ಹಾಳೆಯಲ್ಲಿ ಇಳಿಸಿದೆ. 50ರ ಹತ್ತಿರ ಇದ್ದವು. ಪಕ್ಕಪಕ್ಕ ಇಟ್ಟು ನೋಡಿದರೆ ಆರೇಳೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬಂದಿದ್ದವು: ನಮ್ಮ ಕಾಲೇಜೇ ಏಕೆ? ನೀನು ಬೆಳೆದು ಬಂದ ಹಿನ್ನೆಲೆಯಿಂದ ನಮ್ಮ ತರಗತಿಗೆ ಏನು ತರುತ್ತೀಯ? ಎದುರಿಸಿದ ಕಷ್ಟ ಅಥವಾ ಸೋಲು ಯಾವುದು? ನಿನ್ನಂತಲ್ಲದವರ ಜೊತೆ ಕೆಲಸ ಮಾಡಿದ್ದು? ಪದವಿ ಮುಗಿದ ಮೇಲಿನ ವರ್ಷ ಹೇಗೆ ಕಳೆಯುತ್ತಿದ್ದೀಯ? ಬೇರೇನಾದರೂ ಹೇಳುವುದಿದೆಯೇ? ಇವಕ್ಕೆ ಒಳ್ಳೆಯ ಉತ್ತರಗಳು ಸಿದ್ಧವಾದರೆ ಉಳಿದದ್ದು ಹಿಗ್ಗಿಸಿ ಕುಗ್ಗಿಸುವ ಕೆಲಸ. ಆದರೆ ಪ್ರತಿ ಸಲ ಪ್ರಶ್ನೆಯನ್ನು ಹೊಸದಾಗಿ ಓದಲೇಬೇಕು. "ಕಷ್ಟ" ಕೇಳಿದವರಿಗೆ "ಸೋಲು" ಹೇಳಿದರೆ ಓದುವವರಿಗೆ ಕೂಡಲೇ ತಿಳಿಯುತ್ತದೆ.

ಇನ್ನು ನಾನು ಮಾಡಿದ ತಪ್ಪು. ಕಷ್ಟದ ಪ್ರಶ್ನೆಗೆ ನಾವು ಎರಡು ಸೂಟ್‌ಕೇಸ್ ಹಿಡಿದು ಈ ದೇಶಕ್ಕೆ ಬಂದದ್ದನ್ನು ಬರೆ ಎಂದು ಮಗಳಿಗೆ ಗಂಟುಬಿದ್ದೆ. ಎರಡು ದಿನ ಸುಮ್ಮನಿದ್ದವಳು ಕೊನೆಗೆ, "ಅಮ್ಮ, ಅದು ನಿಮ್ಮ ಕಷ್ಟ. ನಾನು ಆಗ ಹುಟ್ಟಿರಲೇ ಇಲ್ಲ" ಎಂದಳು. ಮನಸ್ಸಿಗೆ ನೋವಾಯಿತು, ಆದರೆ ಅವಳ ಮಾತು ಸರಿ.

ಅವಳು ಬರೆದದ್ದು ಅಜ್ಜಿಯ ಮಾತ್ರೆಗಳ ಬಗ್ಗೆ. ನಮ್ಮತ್ತೆ ದಾವಣಗೆರೆಯಿಂದ ಆರು ತಿಂಗಳಿಗೆ ಬಂದಿದ್ದರು. ಬೆಳಿಗ್ಗೆ ಎದ್ದರೆ ತಲೆ ಸುತ್ತು, ಪಾದಗಳು ಊದಿಕೊಂಡಿದ್ದವು. ವಯಸ್ಸಿಗೆ ಸಹಜ ಎಂದು ನಾವು ಸುಮ್ಮನಿದ್ದೆವು. ಒಂದು ರಾತ್ರಿ ಮಗಳು ಅಜ್ಜಿಯ ಮಾತ್ರೆಯ ಚೀಲವನ್ನು ಊಟದ ಮೇಜಿನ ಮೇಲೆ ಸುರಿದುಕೊಂಡು ಕುಳಿತಳು. ಬಿಪಿಗೆ ಎರಡು ಬಗೆಯ ಮಾತ್ರೆ ಇದ್ದವು. ಒಂದು ಊರಿನ ಡಾಕ್ಟರು ಬರೆದದ್ದು, ಇನ್ನೊಂದು ಬೆಂಗಳೂರಿನಲ್ಲಿ ಮೈದುನನ ಮನೆಯಲ್ಲಿದ್ದಾಗ ಬೇರೆ ಡಾಕ್ಟರು ಕೊಟ್ಟದ್ದು. ಹೆಸರು ಬೇರೆ, ಬಣ್ಣ ಬೇರೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಮೊಬೈಲ್ ಬೆಳಕಿನಲ್ಲಿ ಓದಿದರೆ ಎರಡೂ ಅಮ್ಲೋಡಿಪಿನ್, 5 ಮಿಲಿಗ್ರಾಂ. ಅಜ್ಜಿ ದಿನವೂ ಎರಡು ಪಟ್ಟು ಔಷಧ ನುಂಗುತ್ತಿದ್ದರು. ಆಗಲೇ ಊರಿನ ಡಾಕ್ಟರಿಗೆ ಫೋನ್ ಮಾಡಿದೆವು, ಅವರು ಒಂದನ್ನು ನಿಲ್ಲಿಸಿದರು. ಮರುದಿನ ಮಗಳು ಭಾನುವಾರದ ಕನ್ನಡ ತರಗತಿಯಲ್ಲಿ ಕಲಿತ ಸೊಟ್ಟ ಅಕ್ಷರಗಳಲ್ಲಿ "ಬೆಳಿಗ್ಗೆ, ತಿಂಡಿ ಆದ ಮೇಲೆ" ಎಂದು ದೊಡ್ಡದಾಗಿ ಬರೆದು ಫ್ರಿಜ್‌ಗೆ ಅಂಟಿಸಿದಳು.

ಇಷ್ಟನ್ನೇ ಸುಮಾರು 250 ಪದಗಳಲ್ಲಿ ಬರೆದಳು. ನಾನು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸಂದರ್ಶನ ಮಾಡಿದವರಲ್ಲಿ ಇಬ್ಬರು ಕೇಳಿದ್ದು ಇದನ್ನೇ. "ನಮ್ಮ ಕಾಲೇಜೇ ಏಕೆ" ಎಂಬುದಕ್ಕೂ ಇದೇ ದಾರಿ ತೋರಿಸಿತು. ರೋಗಿಯ ದೇಹದ ಜೊತೆ ಮನಸ್ಸು, ಮನೆ, ಬದುಕನ್ನೂ ನೋಡಬೇಕೆಂಬ ಮಾದರಿಯನ್ನು 1977ರಲ್ಲಿ ಮುಂದಿಟ್ಟ ಜಾರ್ಜ್ ಎಂಗೆಲ್ ಅವರು ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದವರು. ಅಲ್ಲಿಗೆ ಬರೆದಾಗ ಮಾತ್ರೆಯ ಚೀಲದಿಂದ ಆ ವಿಚಾರಕ್ಕೆ ತಾನು ಹೇಗೆ ಬಂದೆ ಎಂದು ಬರೆದಳು. ಕಾಲೇಜಿನ ಜಾಲತಾಣದ ಹೊಗಳಿಕೆಯನ್ನು ಅವರಿಗೇ ತಿರುಗಿಸಿ ಒಪ್ಪಿಸುವುದರಲ್ಲಿ ಏನೂ ಇಲ್ಲ. ನಿಮ್ಮ ಮಗನ ಬಳಿಯೂ ಇಂಥದ್ದು ಇರುತ್ತದೆ. ನೀವು ಕೇಳಿ, ಅವನು ಹೇಳಲಿ, ಬರೆಯುವುದು ಅವನೇ.

ಉತ್ತರ, ಷಿಕಾಗೋದಿಂದ ಒಬ್ಬ ರೆಸಿಡೆಂಟ್ ಡಾಕ್ಟರ್

ಆಂಟಿ, ಮೇಲಿನವರು ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಕೆಲಸಕ್ಕೆ ಬರುವ ಕೆಲವು ವಿಷಯಗಳನ್ನು ಸೇರಿಸುತ್ತೇನೆ.

ನಾನು ಒಂದು ಕಾಲೇಜಿಗೆ ಕಳುಹಿಸಿದ ಪ್ರಬಂಧದ ಕೊನೆಯ ಸಾಲಿನಲ್ಲಿ ಇನ್ನೊಂದು ಕಾಲೇಜಿನ ಹೆಸರು ಹಾಗೆಯೇ ಉಳಿದುಬಿಟ್ಟಿತ್ತು. ಕಳುಹಿಸಿದ ಮೇಲೆ ತಿದ್ದಲು ಆಗಲಿಲ್ಲ, ಅಲ್ಲಿಂದ ಸಂದರ್ಶನದ ಕರೆಯೂ ಬರಲಿಲ್ಲ. ಅಂದಿನಿಂದ ಪ್ರತಿ ಪ್ರಬಂಧವನ್ನೂ ಮುದ್ರಿಸಿ, ಅಕ್ಕನ ಎದುರು ಗಟ್ಟಿಯಾಗಿ ಓದಿ ಕಳುಹಿಸಿದೆ. ನಿಮ್ಮ ಮಗನ ಪ್ರಬಂಧ ಕೇಳಿಸಿಕೊಳ್ಳಲು ನೀವೇ ಕೂರಬಹುದು. ಅರ್ಜಿಯ ಪುಟದಲ್ಲೇ ನೇರವಾಗಿ ಬರೆಯುವುದು ಬೇಡ, ಮಧ್ಯೆ ಅಳಿಸಿಹೋದೀತು. ಮಿತಿ ಪದಗಳದ್ದೋ ಅಕ್ಷರಗಳದ್ದೋ ನೋಡಿಕೊಳ್ಳಲಿ. ಅಕ್ಷರಗಳದ್ದಾದರೆ ಸಾಮಾನ್ಯವಾಗಿ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ.

ಹಿನ್ನೆಲೆಯ ಪ್ರಶ್ನೆಯ ಬಗ್ಗೆ ನಮ್ಮವರಲ್ಲಿ ಗೊಂದಲವಿದೆ. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಮಾನದಂಡವಾಗಿ ಪರಿಗಣಿಸುವುದನ್ನು ತಡೆಯಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ರೂಪಿಸಿತು ಎಂದು ಅಭ್ಯರ್ಥಿ ಬರೆಯುವುದಕ್ಕೆ ಅಡ್ಡಿಯಿಲ್ಲ ಎಂದೂ ಹೇಳಿತು. ಆದ್ದರಿಂದ ದೀಪಾವಳಿ, ಭರತನಾಟ್ಯ ಎಂದು ಹೆಸರಿಸಿ ಬಿಡುವುದಲ್ಲ, ಅದರಿಂದ ತಾನು ಏನಾದೆ ಎಂಬುದನ್ನು ಬರೆಯಬೇಕು.

ಎಐ ಬಳಸಿ ಬರೆಸುವ ಆಲೋಚನೆ ಬಂದರೆ ದಯವಿಟ್ಟು ತಡೆಯಿರಿ. ತಿದ್ದಲು, ಆಲೋಚನೆ ಕೆದಕಲು ಬಳಸಿದರೂ ಕೊನೆಯ ಬರಹ ತನ್ನದೇ ಎಂದು ಮೊದಲ ಅರ್ಜಿಯಲ್ಲೇ ಅವನು ಒಪ್ಪಿ ಸಹಿ ಮಾಡಿರುತ್ತಾನೆ. ಕೆಲವು ಕಾಲೇಜುಗಳಿಗೆ ಸನ್ನಿವೇಶ ಕೊಟ್ಟು ವಿವೇಚನೆ ಅಳೆಯುವ ಕ್ಯಾಸ್ಪರ್ ಅಥವಾ ಪ್ರಿವ್ಯೂ ಪರೀಕ್ಷೆಯೂ ಬೇಕು. ಅದರ ಫಲಿತಾಂಶ ತಲುಪದಿದ್ದರೆ ಪ್ರಬಂಧ ಎಷ್ಟು ಬೇಗ ಕಳುಹಿಸಿದ್ದರೂ ಅರ್ಜಿ ಅಪೂರ್ಣ. ಇಂದೇ ಪಟ್ಟಿ ನೋಡಿ ದಿನಾಂಕ ಕಾಯ್ದಿರಿಸಲಿ.

ಉತ್ತರ, ಡಲ್ಲಾಸ್‌ನಿಂದ ಒಬ್ಬ ತಂದೆ

ಗ್ರೀನ್ ಕಾರ್ಡ್ ಇನ್ನೂ ಬಾರದ ಮನೆಗಳಿಗೆ ಒಂದು ಮಾತು. ನಮ್ಮ ಹುಡುಗಿ ನಾಲ್ಕನೆಯ ವಯಸ್ಸಿನಿಂದ ಇಲ್ಲೇ ಬೆಳೆದವಳು. 21 ತುಂಬಿದ ದಿನ, ನಮ್ಮ ಕೆಲಸದ ವೀಸಾದ ಜೊತೆ ಮಕ್ಕಳಿಗೆ ಸಿಗುವ ಎಚ್-4 ವೀಸಾ ಮುಗಿದು ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಯಿತು, ಕಾಲೇಜುಗಳ ಲೆಕ್ಕದಲ್ಲಿ ವಿದೇಶಿಯಾದಳು. ಬಹಳಷ್ಟು ಮೆಡಿಕಲ್ ಕಾಲೇಜುಗಳು ಅಂಥವರನ್ನು ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಳ್ಳುವ ಕೆಲವು ಕಡೆ ಶುಲ್ಕವನ್ನು ಮುಂಗಡವಾಗಿ ಠೇವಣಿ ಇಡಲು ಕೇಳುತ್ತಾರೆ. ಇದನ್ನು ತಿಳಿಯುವ ಮುಂಚೆ ನಾವು ಐದು ಕಡೆ ಸೆಕೆಂಡರಿ ಶುಲ್ಕ ಕಟ್ಟಿದ್ದೆವು, ಒಂದೂ ವಾಪಸ್ ಬರಲಿಲ್ಲ. ಪ್ರತಿ ಕಾಲೇಜಿನ ನಿಯಮ ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘವಾದ ಎಎಎಂಸಿಯ ಎಂಎಸ್‌ಎಆರ್ ಎಂಬ ಆನ್‌ಲೈನ್ ಮಾಹಿತಿ ಕೋಶದಲ್ಲಿದೆ. ಹಣ ಕಟ್ಟುವ ಮೊದಲು ಓದಿ. ಆದಾಯ ಕಡಿಮೆಯಿರುವವರಿಗೆ ಎಎಎಂಸಿಯ ಶುಲ್ಕ ನೆರವು ಯೋಜನೆ ಇದೆ, ಅದು ಸಿಕ್ಕವರಿಗೆ ಅನೇಕ ಕಾಲೇಜುಗಳು ಸೆಕೆಂಡರಿ ಶುಲ್ಕವನ್ನೂ ಬಿಡುತ್ತವೆ. ಆದರೆ ಮೊದಲ ಅರ್ಜಿಗೂ ಮುಂಚೆ ಮಂಜೂರಾಗಿರಬೇಕು, ಕಟ್ಟಿದ ಮೇಲೆ ಕೇಳಿದರೆ ಸಿಗುವುದಿಲ್ಲ.

ಮತ್ತೆ ನ್ಯೂಜೆರ್ಸಿಯಿಂದ

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಹಾಳೆ ಮಾಡಿದೆ. 49 ಪ್ರಶ್ನೆಗಳು ಏಳಾದವು. ಮಗ ಅದನ್ನು ನೋಡಿ ಹನ್ನೊಂದಕ್ಕೆ ಮಲಗಿದ. ಕಳುಹಿಸಿದ ಮೇಲೆ ಎಷ್ಟು ದಿನ ಸದ್ದಿಲ್ಲದಿದ್ದರೆ ಆಸೆ ಬಿಡಬೇಕು?

ಮತ್ತೆ ಮಿಚಿಗನ್‌ನಿಂದ

ಈಗಲೇ ಬಿಡಬೇಡಿ. ಸಂದರ್ಶನದ ಕರೆಗಳು ಚಳಿಗಾಲದವರೆಗೂ ಬರುತ್ತವೆ. ಸಾಮಾನ್ಯ ಅರ್ಜಿದಾರರಿಗೆ ಎಂಡಿ (ಇಲ್ಲಿ ಅದು ಮೊದಲ ವೈದ್ಯಕೀಯ ಪದವಿ) ಕಾಲೇಜುಗಳು ಅಕ್ಟೋಬರ್ 15ಕ್ಕೆ ಮುಂಚೆ ಸೀಟು ಕೊಡುವಂತಿಲ್ಲ. ನಮ್ಮ ಮಗಳಿಗೆ ಸೀಟು ಕೊಟ್ಟ ಕಾಲೇಜು ಅವಳನ್ನು ಸಂದರ್ಶನಕ್ಕೆ ಕರೆದದ್ದು ಜನವರಿಯಲ್ಲಿ.